ನನ್ನ ಪಾಳಿ

ಬೋಧನಾಭ್ಯಾಸದ ಅನುಭವ ಬರೆಯಿರಿ ಎಂದಾಗ ನಾವೆಲ್ಲ ಚೆನ್ನಾಗಿ ನಡೆದ ಪಾಠವನ್ನೇ ಆರಿಸಿಕೊಳ್ಳುತ್ತೇವೆ. ನನ್ನ ಬಳಿಯೂ ಅಂಥ ಒಂದೆರಡು ಪಾಠಗಳಿವೆ. ಆದರೆ ಈ ಲೇಖನ ಅವುಗಳ ಬಗ್ಗೆ ಅಲ್ಲ. ನನ್ನ ಕ್ರಿಯಾ ಸಂಶೋಧನೆಯ ವರದಿಯಲ್ಲಿ ನಾನು ಬರೆದ ಒಂದು ಸುಳ್ಳು ಅಂಕಿಯ ಬಗ್ಗೆ, ಅದನ್ನು ಯಾಕೆ ಬರೆದೆ ಎಂಬುದರ ಬಗ್ಗೆ, ಅದನ್ನು ಅಳಿಸುವ ಧೈರ್ಯ ಎಲ್ಲಿಂದ ಬಂತು ಎಂಬುದರ ಬಗ್ಗೆ. ನನ್ನ ನಂತರ ಬೋಧನಾಭ್ಯಾಸಕ್ಕೆ ಹೋಗುವ ಗೆಳೆಯ ಗೆಳತಿಯರಿಗೆ ಇದು ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಬಿ.ಇಡಿ. ಎರಡನೆಯ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಹುಕ್ಕೇರಿ ತಾಲ್ಲೂಕಿನ ಕಣಗಲಾದ ಒಂದು ಶಾಲೆ ಸಿಕ್ಕಿತು. ಕಣಗಲಾ ಎಂದರೆ ಹೊರಗಿನವರಿಗೆ ಎಚ್‌ಎಲ್‌ಎಲ್ ಕಾರ್ಖಾನೆಯ ಊರು. ಸಂಕೇಶ್ವರದಿಂದ ನಿಪ್ಪಾಣಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಸುತ್ತಲೂ ಕಬ್ಬು. ಮಹಾರಾಷ್ಟ್ರ ಹತ್ತಿರವೇ ಇರುವುದರಿಂದ ಮಕ್ಕಳ ಬಾಯಲ್ಲಿ ಕನ್ನಡ ಮರಾಠಿ ಎರಡೂ ಒಟ್ಟಿಗೇ ಓಡಾಡುತ್ತವೆ. ನಾವು ಮೂವರು ಪ್ರಶಿಕ್ಷಣಾರ್ಥಿಗಳು ಸಂಕೇಶ್ವರದಲ್ಲಿ ಒಂದು ಕೋಣೆ ಮಾಡಿಕೊಂಡು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆವು.

ನನಗೆ ಬಂದದ್ದು ಆರನೆಯ ತರಗತಿಯ ಕನ್ನಡ. 38 ಮಕ್ಕಳು. ಮೊದಲ ವಾರ ನೈದಾನಿಕ ಪರೀಕ್ಷೆ ಮಾಡಿದೆ. ಒತ್ತಕ್ಷರ ಇರುವ 20 ಪದಗಳನ್ನು ಒಬ್ಬೊಬ್ಬರಿಂದ ಓದಿಸಿದೆ. 16 ಪದ ಸರಿಯಾಗಿ ಓದಿದರೆ ಸಾಕು ಎಂದು ಮಟ್ಟ ಇಟ್ಟುಕೊಂಡೆ. 14 ಮಕ್ಕಳು ಆ ಮಟ್ಟ ಮುಟ್ಟಲಿಲ್ಲ. ಇದನ್ನೇ ಕ್ರಿಯಾ ಸಂಶೋಧನೆಯ ವಿಷಯವಾಗಿ ತೆಗೆದುಕೊಂಡೆ. ಆರು ವಾರಗಳ ಪರಿಹಾರ ಬೋಧನೆ, ದಿನಕ್ಕೆ 40 ನಿಮಿಷ, ಕೊನೆಗೆ ಮತ್ತೆ ಅದೇ ಬಗೆಯ ಪರೀಕ್ಷೆ. ಉದ್ದೇಶಗಳ ಪುಟದಲ್ಲಿ ಹೀಗೆ ಬರೆದೆ: ‘ಗುರುತಿಸಲಾದ ಎಲ್ಲ 14 ವಿದ್ಯಾರ್ಥಿಗಳು ಒತ್ತಕ್ಷರ ಪದಗಳನ್ನು ನಿರರ್ಗಳವಾಗಿ ಓದುವರು.’

ನಮ್ಮ ಮಾರ್ಗದರ್ಶಕ ಮೇಡಂ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಎಲ್ಲರೂನಾ?” ಎಂದು ಕೇಳಿದರು. ನಾನು ಹೌದು ಎಂದೆ. ಅವರು ಸುಮ್ಮನೆ ಸಹಿ ಮಾಡಿದರು.

‘ಎಲ್ಲರೂ’ ಎಂಬ ಆ ಪದ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಗೋಕಾಕ ಫಾಲ್ಸ್. ಅಪ್ಪ ಅಲ್ಲಿನ ನೂಲಿನ ಮಿಲ್ಲಿನಲ್ಲಿ 30 ವರ್ಷ ದುಡಿದು ನಿವೃತ್ತರಾದವರು. ನಾವು ಕ್ರೈಸ್ತರು, ಮೆಥಡಿಸ್ಟ್ ಸಭೆಯವರು. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಒಪ್ಪಿಸುವುದರಲ್ಲಿ ನಾನೇ ಮುಂದು. ಒಮ್ಮೆ ಬಹುಮಾನವಾಗಿ ಒಂದು ಕಾರ್ಡು ಸಿಕ್ಕಿತು. ಪರಲೋಕದ ತಂದೆಯಂತೆ ನಾವೂ ಪರಿಪೂರ್ಣರಾಗಬೇಕು ಎಂಬ ಅರ್ಥದ ಮತ್ತಾಯನ ಸುವಾರ್ತೆಯ ವಾಕ್ಯ ಅದರಲ್ಲಿತ್ತು. ಆ ಕಾರ್ಡನ್ನು ನಾನು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಪರಿಪೂರ್ಣ ಎಂದರೆ ನೂರಕ್ಕೆ ನೂರು ಎಂದೇ ನನ್ನ ಲೆಕ್ಕ.

ಇದಕ್ಕೆ ಇನ್ನೊಂದು ಸೇರಿಕೊಂಡಿತ್ತು. ಶಾಲೆಯಿಂದ ಕಾಲೇಜಿನವರೆಗೆ ಹೆಚ್ಚಿನ ತರಗತಿಗಳಲ್ಲಿ ಕ್ರೈಸ್ತ ಹುಡುಗಿ ನಾನೊಬ್ಬಳೇ. ಯಾರೂ ನನ್ನನ್ನು ಬೇರೆಯಾಗಿ ಕಂಡದ್ದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ನಾನು ತಪ್ಪಿದರೆ ಅದು ನನ್ನ ತಪ್ಪು ಮಾತ್ರ ಆಗುವುದಿಲ್ಲ, ನಮ್ಮ ವಿಶ್ವಾಸಕ್ಕೇ ಕಳಂಕ ಎಂಬ ಭಾವನೆ ಒಳಗೆ ಇತ್ತು. ಕ್ರೈಸ್ತ ಶಿಕ್ಷಕಿ ಎಂದರೆ ತಾಳ್ಮೆಗೆಡಬಾರದು, ದಣಿಯಬಾರದು, ಯಾವ ಮಗುವನ್ನೂ ಕೈಬಿಡಬಾರದು. ಈ ಪಟ್ಟಿಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ. ನಾನೇ ಬರೆದುಕೊಂಡು, ಕೆಳಗೆ ದೇವರ ಸಹಿ ಹಾಕಿಕೊಂಡಿದ್ದೆ.

ಪರಿಹಾರ ಬೋಧನೆ ಶುರುವಾಯಿತು. ರಾತ್ರಿ ಹನ್ನೆರಡರವರೆಗೆ ಮಿಂಚುಪಟ್ಟಿ ಕತ್ತರಿಸುತ್ತಿದ್ದೆ. ರಟ್ಟಿನಲ್ಲಿ ಒತ್ತಕ್ಷರದ ಚಕ್ರ ಮಾಡಿದೆ, ಹಾವು ಏಣಿ ಆಟ ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಪಾಠ ಟಿಪ್ಪಣಿ. ಕೋಣೆಯ ಗೆಳತಿಯರು ಊಟಕ್ಕೆ ಕರೆದರೆ “ನೀವು ಮಾಡ್ರಿ, ಬಂದೆ” ಎನ್ನುತ್ತಿದ್ದೆ. ಮೂರನೆಯ ವಾರಕ್ಕೆ ಗಂಟಲು ಕಟ್ಟಿತು. ಆದರೂ ಒಂದು ದಿನ ರಜೆ ಹಾಕಲಿಲ್ಲ. ರಜೆ ಹಾಕುವುದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಆ 14 ಮಕ್ಕಳಲ್ಲಿ ಒಬ್ಬ ಹುಡುಗ ಇದ್ದ. ಗಡಿಯಾಚೆಯ ಹಳ್ಳಿಯಲ್ಲಿ ಮೂರನೆಯ ತರಗತಿಯವರೆಗೆ ಮರಾಠಿ ಶಾಲೆಯಲ್ಲಿ ಓದಿ, ಆಮೇಲೆ ಅಜ್ಜಿಯ ಮನೆಯಲ್ಲಿರಲು ಕಣಗಲಾಕ್ಕೆ ಬಂದವನು. ಮಾತಿನಲ್ಲಿ ಚುರುಕು. ಓದಲು ಎದ್ದು ನಿಂತರೆ ಮಾತ್ರ ಬೆವರುತ್ತಿದ್ದ. ‘ಆಸ್ತಿ’ ಎಂಬುದನ್ನು ‘ಆಸಿತ’ ಎಂದು ಓದುತ್ತಿದ್ದ. ಎರಡನೆಯ ವಾರ ಒಂದು ದಿನ ಅವನು ಕೈ ಎತ್ತಿ ಕೇಳಿದ:

“ಟೀಚರ, ಒತ್ತು ಯಾಕ ಕೆಳಗ ಬರತೈತ್ರಿ? ಮರಾಠಿಯೊಳಗ ಬಾಜೂಕ ಇರತೈತಲ್ರಿ.”

ಅಂದಿನ ಪಾಠ ಟಿಪ್ಪಣಿಯಲ್ಲಿ ಇನ್ನೂ ಎರಡು ಚಟುವಟಿಕೆ ಬಾಕಿ ಇದ್ದವು, ಉಳಿದದ್ದು ಹನ್ನೆರಡು ನಿಮಿಷ. “ಅದು ಹಂಗ ಇರೂದು. ನೀ ಬಾಯಿಪಾಠ ಮಾಡು” ಎಂದು ಕೂಡಿಸಿದೆ. ಅವನು ಕೂತ. ಆ ಆರು ವಾರಗಳಲ್ಲಿ ಮಕ್ಕಳು ನನ್ನನ್ನು ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಆರು ವಾರ ಮುಗಿದವು. ಕೊನೆಯ ಪರೀಕ್ಷೆ ಮಾಡಿದೆ. 5 ಮಕ್ಕಳು ಮಟ್ಟ ಮುಟ್ಟಿದ್ದರು. 4 ಮಕ್ಕಳಿಗೆ ಅಕ್ಕ, ಅಪ್ಪ, ಹಳ್ಳಿ ಇಂಥ ಸಜಾತೀಯ ಒತ್ತಕ್ಷರ ಬಂದಿದ್ದವು, ವಿಜಾತೀಯ ಬಂದಿರಲಿಲ್ಲ. ಉಳಿದ 5 ಮಕ್ಕಳು ಹೆಚ್ಚು ಕಡಿಮೆ ಮೊದಲಿದ್ದಲ್ಲೇ ಇದ್ದರು. ಅವರಲ್ಲಿ ಆ ಹುಡುಗನೂ ಒಬ್ಬ.

ಆ ರಾತ್ರಿ ಕೋಷ್ಟಕ ಬರೆಯಲು ಕೂತೆ. 5 ಎಂದು ಬರೆಯಲು ಕೈ ಬರಲಿಲ್ಲ. ಮೊದಲು ಆ ನಾಲ್ವರನ್ನು ಸೇರಿಸಿದೆ, ಇನ್ನೊಂದು ವಾರ ಸಿಕ್ಕರೆ ಅವರಿಗೆ ಬಂದೇ ಬರುತ್ತಿತ್ತಲ್ಲ ಎಂದು. ಆಮೇಲೆ ಉಳಿದವರಲ್ಲಿ ನಾಲ್ವರನ್ನು ಸೇರಿಸಿದೆ. ಎಲ್ಲ 14 ಬರೆದರೆ ಯಾರೂ ನಂಬುವುದಿಲ್ಲ ಎಂಬ ಜಾಣತನದಿಂದ ಒಂದು ಮಗುವನ್ನು ಬಿಟ್ಟು, 13 ಎಂದು ಬರೆದೆ. ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಅಂಕ ತುಂಬಿದೆ. ಆ ಹುಡುಗನ ಮುಂದೆ 17. ಶೇಕಡಾವಾರು ತೆಗೆದು ಸ್ತಂಭಾಲೇಖ ಎಳೆದು ಬಣ್ಣ ತುಂಬಿದೆ. ಚಿತ್ರ ಬಹಳ ಚೆನ್ನಾಗಿ ಬಂತು.

ನಾನು ಸುಳ್ಳು ಹೇಳುವವಳಲ್ಲ ಎಂದು ನನ್ನ ಬಗ್ಗೆ ನಾನು ನಂಬಿದ್ದೆ. ಈಗ ತಿರುಗಿ ನೋಡಿದರೆ ಆ ಸುಳ್ಳು ಹುಟ್ಟಿದ್ದು ಸೋಮಾರಿತನದಿಂದ ಅಲ್ಲ. ಅತಿಯಾಗಿ ದುಡಿದದ್ದರಿಂದ, ಅತಿಯಾದದ್ದನ್ನು ನನ್ನಿಂದಲೇ ನಿರೀಕ್ಷಿಸಿದ್ದರಿಂದ. ಎಲ್ಲರನ್ನೂ ದಡ ಸೇರಿಸುತ್ತೇನೆ ಎಂದು ಹೇಳಿಕೊಂಡವಳಿಗೆ ಒಂಬತ್ತು ಮಕ್ಕಳು ನೀರಿನಲ್ಲೇ ಇದ್ದಾರೆ ಎಂದು ಒಪ್ಪಿಕೊಳ್ಳುವುದು ಸಾಧ್ಯವಾಗಲಿಲ್ಲ.

ಎರಡು ದಿನ ಬಿಟ್ಟು ಆ ತರಗತಿಯ ಶಿಕ್ಷಕರು ನನ್ನನ್ನು ಕರೆದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. “ಟೀಚರ, ನಿಮ್ಮ ಪಟ್ಟಿ ಒಂದಿಷ್ಟು ಕೊಡ್ರಿ. ಯಾರ್‍ಯಾರಿಗೆ ಇನ್ನೂ ಓದಾಕ ಬರೂದಿಲ್ಲ ಅಂತ ನೋಡಿ ಅವರನ್ನ ಸಂಜಿ ಕ್ಲಾಸಿಗೆ ಕೂಡಸ್ತೇನಿ. ಬಂದವ್ರನ್ನ ಬಿಟ್ಟಬಿಡ್ತೇನಿ” ಎಂದರು.

ನನಗೆ ಕಾಲಡಿಯ ನೆಲ ಕುಸಿದಂತಾಯಿತು. ಅಲ್ಲಿಯವರೆಗೆ 13 ಎಂಬುದು ನನ್ನ ವರದಿಯ ಅಂಕಿ ಮಾತ್ರ ಆಗಿತ್ತು. ಈಗ ಅದು ಎಂಟು ಮಕ್ಕಳ ಸಂಜೆಯ ಪಾಠವನ್ನು ಕಿತ್ತುಕೊಳ್ಳುವ ಅಂಕಿ. “ಸೋಮವಾರ ಕೊಡ್ತೇನ್ರಿ ಸರ್” ಎಂದು ಹೇಳಿ ಶನಿವಾರ ಶಾಲೆ ಬಿಟ್ಟ ಮೇಲೆ ಊರಿನ ಬಸ್ಸು ಹತ್ತಿದೆ. ಹುಕ್ಕೇರಿ, ಘಟಪ್ರಭಾ ದಾಟಿ ಗೋಕಾಕ ಫಾಲ್ಸ್ ಮುಟ್ಟುವವರೆಗೆ ಆ ಫೈಲು ತೊಡೆಯ ಮೇಲೇ ಇತ್ತು.

ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಅವರು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಒಂದು ಚಿಕ್ಕ ಸಾಮ್ಯ ತೆಗೆದುಕೊಂಡಿದ್ದರು. ಯೇಸು ಹೇಳಿದ ಬಿತ್ತನೆಯ ಕಥೆಗಳಲ್ಲಿ ಇದು ಹೆಚ್ಚು ಹೆಸರಾದದ್ದಲ್ಲ. ಒಬ್ಬ ರೈತ ಹೊಲದಲ್ಲಿ ಬೀಜ ಹಾಕುತ್ತಾನೆ. ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಬೆಳೆಯಿತು ಎಂಬುದು ಅವನಿಗೇ ತಿಳಿಯದು. ಕಾಳು ಬಲಿತಾಗ ಕುಡುಗೋಲು ಹಾಕುತ್ತಾನೆ, ಅಷ್ಟೇ. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಆ ರೈತ ಮಲಗುತ್ತಾನೆ ಎಂಬುದು ಮಾತ್ರ ಅಂದು ಮೊದಲ ಸಲ ಕಿವಿಗೆ ಬಿತ್ತು. ಬೀಜ ಮೊಳೆಯಿತೇ ಎಂದು ಅವನು ರಾತ್ರಿಯೆಲ್ಲ ಮಣ್ಣು ಕೆದಕುತ್ತ ಕೂರಲಿಲ್ಲ. ಬಿತ್ತುವುದು ಅವನ ಕೆಲಸ, ಬೆಳೆಸುವುದು ಅವನದಲ್ಲ. ಎರಡನ್ನೂ ತನ್ನದೇ ಎಂದುಕೊಂಡಿದ್ದರೆ ಅವನಿಗೂ ನಿದ್ದೆ ಬರುತ್ತಿರಲಿಲ್ಲ.

ಸಂಜೆ ಅಪ್ಪನ ಹತ್ತಿರ ಕೂತು ಎಲ್ಲ ಹೇಳಿದೆ. ಅಂಕಿ, ಕೋಷ್ಟಕ, ಸಂಜೆ ತರಗತಿ ಎಲ್ಲ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಯವ್ವಾ, ನಾ ಮೂವತ್ತ ವರ್ಷ ಮಿಲ್ಲಿನಾಗ ದುಡದೇನಿ. ಒಂದ ದಿನಾನೂ ನೂಲು ಪೂರ್ತಿ ಮುಗಿಸಿ ಮನಿಗಿ ಬಂದಿಲ್ಲ. ಅದು ಮುಗಿಯೂ ಕೆಲಸಾನ ಅಲ್ಲ. ಭೋಂಗಾ ಆತಂದ್ರ ಮಷೀನು ಮುಂದಿನ ಪಾಳಿಯವ್ರಿಗೆ ಒಪ್ಪಿಸಿ ಬರೂದು. ಆದ್ರ ಒಂದ ಮಾತ ನೆನಪಿಟ್ಕೊ. ನೂಲು ಹರಿಯೂದು ತಪ್ಪಲ್ಲ, ಹರದಾ ಹರಿತೈತಿ. ಹರದದ್ದನ್ನ ಮುಚ್ಚಿಟ್ಟು ಬರೂದು ತಪ್ಪು. ಎಲ್ಲಿ ಹರದೈತಿ ಅಂತ ಹೇಳದಿದ್ರ ಮುಂದಿನ ಪಾಳಿಯಾಂವ ಏನ ಮಾಡಬೇಕು?”

ಅಪ್ಪ ಓದಿದ್ದು ಏಳನೆಯ ತರಗತಿ. ಬೋಧನಾ ವೃತ್ತಿಯ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ರಾತ್ರಿ ಹಳೆಯ ಕಾರ್ಡು ನೆನಪಾಗಿ ಮತ್ತಾಯನ ಐದನೆಯ ಅಧ್ಯಾಯ ತೆರೆದು ಹಿಂದಿನ ವಾಕ್ಯಗಳನ್ನೂ ಓದಿದೆ. ಕಾರ್ಡಿನಲ್ಲಿ ಒಂದೇ ಸಾಲು ಇತ್ತು, ಅದರ ಸಂದರ್ಭ ಇರಲಿಲ್ಲ. ಆ ಭಾಗ ಇರುವುದು ವೈರಿಯನ್ನೂ ಪ್ರೀತಿಸುವುದರ ಬಗ್ಗೆ. ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಸೂರ್ಯನನ್ನು ಬೆಳಗಿಸುತ್ತಾನೆ, ಒಂದೇ ಮಳೆಯನ್ನು ಸುರಿಸುತ್ತಾನೆ ಎಂದು ಹೇಳಿ, ಅದರ ಕೊನೆಗೆ ಪರಿಪೂರ್ಣತೆಯ ಮಾತು ಬರುತ್ತದೆ. ಅಂದರೆ ಅಲ್ಲಿ ಕೇಳಿರುವುದು ನೂರಕ್ಕೆ ನೂರು ಅಲ್ಲ. ಯಾರನ್ನೂ ಬಿಡದ ಮಳೆಯಂಥ ಮನಸ್ಸು. ಮಳೆ ಎಲ್ಲ ಹೊಲಕ್ಕೂ ಬೀಳುತ್ತದೆ, ಎಲ್ಲ ಹೊಲದಲ್ಲೂ ಒಂದೇ ಇಳುವರಿ ಬರುವುದಿಲ್ಲ. ಇಷ್ಟು ವರ್ಷ ನಾನು ಮಳೆಯ ವಾಕ್ಯವನ್ನು ಇಳುವರಿಯ ವಾಕ್ಯ ಎಂದು ಓದಿದ್ದೆ. ಪಾಠದ ಒಂದು ಸಾಲನ್ನು ಸಂದರ್ಭದಿಂದ ಕಿತ್ತು ಅರ್ಥ ಹೇಳಬಾರದು ಎಂದು ಮಕ್ಕಳಿಗೆ ಕಲಿಸುವ ಕನ್ನಡ ಶಿಕ್ಷಕಿ ನಾನು!

ಪೇತ್ರನ ಕಥೆಯೂ ಆ ರಾತ್ರಿ ಬೇರೆಯಾಗಿ ಕಂಡಿತು. ಉಳಿದವರೆಲ್ಲ ಯೇಸುವನ್ನು ಬಿಟ್ಟುಹೋದರೂ ತಾನು ಹೋಗುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡವನು ಪೇತ್ರ. ಕೋಳಿ ಕೂಗುವುದರೊಳಗೆ ಮೂರು ಸಲ ಆತನನ್ನು ಅರಿಯೆನೆಂದ. ಅವನ ಸುಳ್ಳೂ ಹುಟ್ಟಿದ್ದು ತನ್ನ ಬಗ್ಗೆ ತಾನು ಆಡಿದ ದೊಡ್ಡ ಮಾತಿನ ಪಕ್ಕದಲ್ಲೇ. ಆಮೇಲೆ ಸಮುದ್ರ ತೀರದಲ್ಲಿ ಯೇಸು ಅವನಿಗೆ ಮೊದಲು ಊಟ ಕೊಟ್ಟು, ನಂತರ ಮಾತಾಡಿಸುತ್ತಾನೆ. ಯಾಕೆ ಹೀಗೆ ಮಾಡಿದೆ ಎಂದು ಕೇಳುವುದಿಲ್ಲ, ಪ್ರೀತಿ ಇದೆಯೇ ಎಂದು ಮೂರು ಸಲ ಕೇಳುತ್ತಾನೆ. ಕೊನೆಗೆ ಕುರಿಮರಿಗಳನ್ನು ಅವನ ಕೈಗೇ ಒಪ್ಪಿಸುತ್ತಾನೆ. ಸೋತವನ ಕೈಗೆ ಮರಿಗಳು! ಕೃಪೆ ಎಂಬ ಪದವನ್ನು ಪ್ರತಿ ವಾರ ಬಾಯಲ್ಲಿ ಹೇಳುತ್ತಿದ್ದೆ. ಅದರ ಅರ್ಥ ಅಂದು ತಿಳಿಯಿತು. ಕೃಪೆ ಎಂದರೆ ಅಂಕ ನೋಡದೆ ಸಿಗುವ ಸ್ವೀಕಾರ. ಅದು ಮೊದಲೇ ಸಿಕ್ಕಿದೆ ಎಂದಾದರೆ 5 ಎಂದು ಬರೆಯಲು ಹೆದರಬೇಕಾಗಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮೊದಲು ತರಗತಿ ಶಿಕ್ಷಕರಿಗೆ ನಿಜವಾದ ಪಟ್ಟಿ ಕೊಟ್ಟೆ, ಕೊಡುವಾಗ ಸುಳ್ಳು ಪಟ್ಟಿಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಹೇಳಿದ್ರಲ್ಲ, ಛೊಲೊ ಆತ ಬಿಡ್ರಿ” ಎಂದು ಒಂಬತ್ತು ಹೆಸರುಗಳನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಆ ವಾರ ವೀಕ್ಷಣೆಗೆ ಬಂದ ಮೇಡಂಗೂ ಹೇಳಿದೆ. ಅಲ್ಲಿ ಅಷ್ಟು ಸುಲಭವಾಗಲಿಲ್ಲ. ಮೇಡಂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಇಲ್ಲಿ ಇದನ್ನು ಅಭ್ಯಾಸ ಮಾಡಿಕೊಂಡರೆ ನಾಳೆ ಕೆಲಸಕ್ಕೆ ಸೇರಿದ ಮೇಲೆ ಪ್ರತಿ ದಾಖಲೆಯಲ್ಲೂ ಇದನ್ನೇ ಮಾಡುತ್ತೀಯ. ವರದಿ ಮತ್ತೆ ಬರಿ. ಐದು ಮಕ್ಕಳು ಓದಿದ್ದು ನಿಜ, ಅದನ್ನು ಬರಿ. ಒಂಬತ್ತು ಮಕ್ಕಳು ಯಾಕೆ ಓದಲಿಲ್ಲ ಎಂಬುದನ್ನು ಹುಡುಕಿ ಬರಿ. ಸಂಶೋಧನೆ ಇರುವುದು ಅಲ್ಲೇ.” ವರದಿ ತಡವಾದದ್ದಕ್ಕೆ ಅಂಕ ಕಡಿಮೆಯಾದವು. ಅದು ನ್ಯಾಯವೇ.

ಯಾಕೆ ಓದಲಿಲ್ಲ ಎಂದು ಹುಡುಕಲು ಹೊರಟಾಗ ಆರು ವಾರದಲ್ಲಿ ಕಾಣದ್ದು ಎರಡು ವಾರದಲ್ಲಿ ಕಂಡಿತು. ಮೊದಲಿದ್ದಲ್ಲೇ ಇದ್ದ ಐವರಲ್ಲಿ ಮೂವರು ಅರ್ಧಕ್ಕಿಂತ ಹೆಚ್ಚು ದಿನ ಬಂದೇ ಇರಲಿಲ್ಲ. ಕಬ್ಬಿನ ಸೀಜನ್ನು, ಮನೆಯಲ್ಲಿ ದೊಡ್ಡವರೆಲ್ಲ ಕಬ್ಬು ಕಡಿಯಲು ಹೋದರೆ ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಇವರೇ. ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು, ನಾನು ತೆರೆದು ಎಣಿಸಿರಲಿಲ್ಲ. ಇನ್ನೊಬ್ಬ ಹುಡುಗಿಗೆ ಹಲಗೆಯ ಮೇಲಿನ ಅಕ್ಷರವೇ ಸರಿಯಾಗಿ ಕಾಣುತ್ತಿರಲಿಲ್ಲ, ಪಕ್ಕದವಳ ವಹಿ ನೋಡಿ ಬರೆದುಕೊಳ್ಳುತ್ತಿದ್ದಳು. ಮುಖ್ಯ ಶಿಕ್ಷಕರು ಅವಳ ತಾಯಿಯನ್ನು ಕರೆಸಿ ಕಣ್ಣಿನ ಪರೀಕ್ಷೆಗೆ ಕಳಿಸಿದರು. ಈ ನಾಲ್ವರಿಗೆ ನನ್ನ ರಟ್ಟಿನ ಚಕ್ರ ಎಷ್ಟು ತಿರುಗಿದರೂ ಪ್ರಯೋಜನವಿರಲಿಲ್ಲ. ಐದನೆಯವನು ಆ ಹುಡುಗ.

ಒಂದು ಸಂಜೆ ಕಣಗಲಾದಲ್ಲಿ ಸಂಕೇಶ್ವರದ ಬಸ್ಸಿಗೆ ಕಾಯುತ್ತಿದ್ದೆ. ಅವನೂ ಅಲ್ಲಿದ್ದ, ಗಡಿಯಾಚೆಯಿಂದ ಬರುವ ಮಾವನಿಗಾಗಿ ಕಾಯುತ್ತ. ಮಹಾರಾಷ್ಟ್ರದ ಕೆಂಪು ಬಸ್ಸು ದೂರದಲ್ಲಿ ಕಂಡಾಗಲೇ “ಕೋಲ್ಹಾಪುರ ಗಾಡಿ ಬಂತ್ರಿ” ಎಂದ. ಬೋರ್ಡು ಮರಾಠಿಯಲ್ಲಿತ್ತು. ಮರಾಠಿಯಲ್ಲಿ ಬರೆದಾಗ ಕೋಲ್ಹಾಪುರದಲ್ಲಿ ‘ಲ’ ಮತ್ತು ‘ಹ’ ಸೇರಿದ ಸಂಯುಕ್ತಾಕ್ಷರ ಇದೆ. ಅದನ್ನು ಅವನು ಓಡುವ ಬಸ್ಸಿನ ಮೇಲೆ ಓದಿದ. ಹಿಂದೆಯೇ ನಮ್ಮ ಬಸ್ಸು ಬಂತು. “ಇದು ಎಲ್ಲಿಗಪಾ, ಓದು” ಎಂದೆ. ಗಟ್ಟಿಯಾಗಿ ಓದಿದ, “ಹು… ಕೇ… ಕ… ರಿ.”

ಆಗ ನನಗೆ ಅವನ ಹಳೆಯ ಪ್ರಶ್ನೆ ನೆನಪಾಯಿತು. ಅವನಿಗೆ ಸಂಯುಕ್ತಾಕ್ಷರ ಬರುವುದಿಲ್ಲ ಎಂದು ನಾನು ಆರು ವಾರ ಕಲಿಸಿದ್ದೆ. ಅವನಿಗೆ ಅದು ಬರುತ್ತಿತ್ತು, ಇನ್ನೊಂದು ಲಿಪಿಯಲ್ಲಿ. ಮರಾಠಿ ಬರಹದಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ ಎಡಕ್ಕೆ ನಿಲ್ಲುತ್ತದೆ, ಎರಡನೆಯದು ಪೂರ್ಣವಾಗಿ ಅದರ ಬಲಕ್ಕೆ. ಅರ್ಧ ಕಂಡದ್ದನ್ನು ಅರ್ಧವಾಗಿ ಓದಿದರೆ ಆಯಿತು. ಕನ್ನಡದಲ್ಲಿ ಹಾಗಲ್ಲ. ಅರ್ಧವಾಗಿ ಉಚ್ಚರಿಸಬೇಕಾದ ಅಕ್ಷರವೇ ಮೇಲೆ ದೊಡ್ಡದಾಗಿ ಕೂತಿರುತ್ತದೆ, ಸ್ವರಚಿಹ್ನೆಯೂ ಅದಕ್ಕೇ ಅಂಟಿರುತ್ತದೆ. ಆದರೆ ಆ ಸ್ವರವನ್ನು ಉಚ್ಚರಿಸುವುದು ಕೆಳಗಿನ ಒತ್ತಿನ ನಂತರ. ಅವನು ಕಂಡದ್ದನ್ನು ಕಂಡ ಕ್ರಮದಲ್ಲಿ ಓದುತ್ತಿದ್ದ. ಮೇಲೆ ‘ಕೇ’ ಕಂಡಿತು, ‘ಕೇ’ ಎಂದ. ಕೆಳಗೆ ‘ಕ’ ಕಂಡಿತು, ‘ಕ’ ಎಂದ. ಇದು ಅಜಾಗರೂಕತೆ ಅಲ್ಲ, ಒಂದು ಲಿಪಿಯ ನಿಯಮವನ್ನು ಇನ್ನೊಂದರಲ್ಲಿ ನಿಷ್ಠೆಯಿಂದ ಪಾಲಿಸುವುದು. ಬಾಯಿಪಾಠ ಮಾಡು ಎಂದವಳಿಗೆ ಇದು ಕಂಡಿರಲಿಲ್ಲ, ಯಾಕೆಂದರೆ ನಾನು ಅವನನ್ನು ನೋಡುತ್ತಿರಲಿಲ್ಲ. ನನ್ನ 14 ಎಂಬ ಅಂಕಿಯನ್ನು ನೋಡುತ್ತಿದ್ದೆ.

ಉಳಿದ ದಿನಗಳಲ್ಲಿ ಚಾರ್ಟು ಬಿಟ್ಟು ಬಸ್ಸಿನ ಬೋರ್ಡುಗಳನ್ನೇ ಹಿಡಿದೆವು. ಸ್ವಾರಸ್ಯ ನೋಡಿ, ಕಣಗಲಾ, ಬೆಳಗಾವಿ, ಗೋಕಾಕ ಈ ಹೆಸರುಗಳಲ್ಲಿ ಒಂದೂ ಒತ್ತಕ್ಷರ ಇಲ್ಲ. ಸಂಕೇಶ್ವರ, ಹುಕ್ಕೇರಿ, ನಿಪ್ಪಾಣಿ, ಚಿಕ್ಕೋಡಿ ಇವುಗಳಲ್ಲಿ ಒಂದೊಂದು ಇದೆ. ಮೊದಲನೆಯವು ಅವನಿಗೆ ಓದಲು ಬರುತ್ತಿದ್ದವು. ಎರಡನೆಯವನ್ನು ಹಲಗೆಯ ಮೇಲೆ ಎಡಕ್ಕೆ ಮರಾಠಿಯಲ್ಲಿ, ಬಲಕ್ಕೆ ಕನ್ನಡದಲ್ಲಿ ಬರೆದೆ. ಮರಾಠಿಯ ಅರ್ಧ ಅಕ್ಷರಕ್ಕೂ ಕನ್ನಡದ ಮೇಲಿನ ಅಕ್ಷರಕ್ಕೂ ಒಂದೇ ಬಣ್ಣದ ಸೀಮೆಸುಣ್ಣ. ಸ್ವರಚಿಹ್ನೆಗೂ ಒತ್ತಿಗೂ ಇನ್ನೊಂದು ಬಣ್ಣ. “ಹಂಗಾದ್ರ ಕನ್ನಡದಾಗ ಅರ್ಧಾ ಅಕ್ಷರ ಮ್ಯಾಲ ಕುಂತೈತ್ರಿ” ಎಂದು ಅವನೇ ಹೇಳಿದ. ನನ್ನ ವ್ಯಾಕರಣ ಪುಸ್ತಕಕ್ಕಿಂತ ಚೆನ್ನಾಗಿತ್ತು ಆ ವಿವರಣೆ.

ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ, ಇನ್ನೊಂದು ಸಲ 13 ಬರೆಯುವ ಆಸೆ ನನಗಿಲ್ಲ. ನಾನು ಕಣಗಲಾ ಬಿಡುವ ದಿನ ಅವನು ಹುಕ್ಕೇರಿ, ನಿಪ್ಪಾಣಿ ಎರಡನ್ನೂ ನಿಂತು ನಿಂತು ಸರಿಯಾಗಿ ಓದಿದ. ಚಿಕ್ಕೋಡಿಯಲ್ಲಿ ಎಡವಿದ. ಸೀಜನ್ನಿನ ಮೂವರಲ್ಲಿ ಇಬ್ಬರು ಇನ್ನೂ ನಿಯಮಿತವಾಗಿ ಬರುತ್ತಿರಲಿಲ್ಲ.

ಕಾಲೇಜಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಕಿಟೆಲ್ ಅವರ ನಿಘಂಟು ನೋಡುವ ಪ್ರಸಂಗ ಬಂತು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಸುವಾರ್ತೆ ಸಾರಲು ಬಂದವರು. ನಾವು ಅವರನ್ನು ನೆನೆಯುವುದು ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ಆ ಕೆಲಸ ಅವರಿಂದಲೇ ಶುರುವಾದದ್ದಲ್ಲ, ಅವರಲ್ಲೇ ಮುಗಿದದ್ದೂ ಅಲ್ಲ. ಅವರಿಗಿಂತ ಮೊದಲು ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ನಿಘಂಟು 1832ರಲ್ಲಿ ಬಂದಿತ್ತು. ಕಿಟೆಲ್ ನಂತರ ಅವರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು, 1968ರಿಂದ 1971ರವರೆಗೆ ಮದ್ರಾಸ್ ವಿಶ್ವವಿದ್ಯಾಲಯದಿಂದ ಆ ಸಂಪುಟಗಳು ಹೊರಬಂದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿದದ್ದು 1995ರಲ್ಲಿ. ಒಂದು ಭಾಷೆಯ ಎಲ್ಲ ಪದಗಳೂ ಸೇರುವವರೆಗೆ ಅಚ್ಚಿಗೆ ಕೊಡುವುದಿಲ್ಲ ಎಂದು ಕಿಟೆಲ್ ಹಟ ಹಿಡಿದಿದ್ದರೆ ನಮ್ಮ ಕೈಗೆ ಏನೂ ಬರುತ್ತಿರಲಿಲ್ಲ.

ನಮ್ಮ ಭಾಗದ ಸಭೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ಕೆಲಸ ಆರಂಭಿಸಿತು. 84 ವರ್ಷ ಶಾಲೆ, ಸಭೆ ನಡೆಸಿ 1904ರಲ್ಲಿ ಅದನ್ನು ಮೆಥಡಿಸ್ಟರಿಗೆ ಒಪ್ಪಿಸಿತು. ನಾನು ಸಂಡೇ ಸ್ಕೂಲಿಗೆ ಹೋದದ್ದು ಹೀಗೆ ಕೈ ಬದಲಾದ ಕೆಲಸದ ಫಲದಿಂದ. ಅಪ್ಪನ ಮಾತಿನಲ್ಲಿ ಹೇಳಬೇಕಾದರೆ ಇವೆಲ್ಲ ಪಾಳಿಗಳು.

ನಿರೀಕ್ಷೆ ಇಳಿಸುವುದು ಎಂದರೆ ಕೈ ಸಡಿಲ ಬಿಡುವುದು ಎಂದು ಕೆಲವು ಗೆಳತಿಯರು ಆಕ್ಷೇಪಿಸಿದರು. ನನ್ನ ಅನುಭವ ಬೇರೆ. ಎಲ್ಲರನ್ನೂ ಓದಿಸುತ್ತೇನೆ ಎಂಬ ಹಟದಲ್ಲಿದ್ದಾಗ ನಾನು ಹಾಜರಿ ಎಣಿಸಲಿಲ್ಲ, ಹುಡುಗಿಯ ಕಣ್ಣು ಗಮನಿಸಲಿಲ್ಲ, ಹುಡುಗನ ಪ್ರಶ್ನೆಗೆ ಉತ್ತರಿಸಲಿಲ್ಲ. ನನ್ನ ಮೇಲಿನ ಭಾರ ಇಳಿದ ಮೇಲೆ ಮಕ್ಕಳು ಕಾಣತೊಡಗಿದರು. ರೈತ ಮಲಗುತ್ತಾನೆ ನಿಜ, ಆದರೆ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಾನೆ. ಈಗ ನಾನೂ ಹತ್ತೂವರೆಗೆ ಮಲಗುತ್ತೇನೆ. ಪಾಠ ಟಿಪ್ಪಣಿಯ ಉದ್ದೇಶಗಳಲ್ಲಿ ‘ಎಲ್ಲರೂ’ ಎಂದು ಬರೆಯುವ ಮೊದಲು ಯಾರು ಬಂದಿದ್ದಾರೆ, ಯಾರಿಗೆ ಯಾವುದು ಅಡ್ಡಿ ಎಂದು ನೋಡುತ್ತೇನೆ. ಪ್ರತಿ ಘಟಕದ ಕೊನೆಗೆ ‘ಬಾರದೆ ಉಳಿದದ್ದು’ ಎಂದು ಒಂದು ಅಂಕಣ ಹಾಕಿ ತುಂಬುತ್ತೇನೆ. ಮಗುವಿನ ಪ್ರಶ್ನೆ ಬಂದರೆ ಒಂದು ಚಟುವಟಿಕೆ ಬಿಟ್ಟರೂ ಚಿಂತೆಯಿಲ್ಲ.

ನನಗೆ ಈ ಬಿಡುಗಡೆ ಯೇಸುವಿನ ಮೇಲಿನ ವಿಶ್ವಾಸದಿಂದ ಬಂತು, ಅದನ್ನು ಮುಚ್ಚಿಡುವುದು ಸರಿಯಲ್ಲವೆಂದು ಹೇಳಿದ್ದೇನೆ. ನಿಮಗೆ ಅದು ನಿಮ್ಮ ಮನೆಯ ಹಿರಿಯರ ಮಾತಿನಿಂದ, ನೀವು ನಂಬಿದ ದಾರಿಯಿಂದ ಬಂದೀತು. ಬರಲಿ. ಮಾರ್ಗದರ್ಶಕ ಗುರುಗಳಲ್ಲಿ ಒಂದು ವಿನಂತಿ ಮಾತ್ರ: ವರದಿಯಲ್ಲಿ 5 ಎಂದು ಬರೆದ ಪ್ರಶಿಕ್ಷಣಾರ್ಥಿಗೆ, ಅದು ನಿಜವಾಗಿದ್ದರೆ, 13 ಎಂದು ಬರೆದವರಿಗಿಂತ ಕಡಿಮೆ ಬೆಲೆ ಸಿಗದಿರಲಿ.

ಕಣಗಲಾ ಬಿಡುವ ದಿನ ತರಗತಿ ಶಿಕ್ಷಕರ ಕೈಗೆ ಒಂಬತ್ತು ಮಕ್ಕಳ ಪಟ್ಟಿಯನ್ನು ಇನ್ನೊಮ್ಮೆ ತಿದ್ದಿ ಕೊಟ್ಟೆ. ಪ್ರತಿ ಹೆಸರಿನ ಮುಂದೆ ಅಂಕ ಅಲ್ಲ, ಒಂದೊಂದು ಸಾಲು ಬರೆದಿದ್ದೆ. ಆ ಹುಡುಗನ ಮುಂದೆ ಹೀಗಿತ್ತು: ‘ಮರಾಠಿ ಚೆನ್ನಾಗಿ ಓದುತ್ತಾನೆ. ಪಕ್ಕದಲ್ಲಿ ಮರಾಠಿ ಬರೆದು ತೋರಿಸಿದರೆ ಬೇಗ ಹಿಡಿಯುತ್ತಾನೆ. ಹುಕ್ಕೇರಿ, ನಿಪ್ಪಾಣಿ ಬಂದಿದೆ. ಚಿಕ್ಕೋಡಿಯಿಂದ ಮುಂದುವರಿಸಬೇಕು.’